ಬೆಳಿಗ್ಗೆ ಐದು ನಲವತ್ತರ ಅಕ್ಕ

ಮೊನ್ನೆ ಮೊನ್ನೆಯವರೆಗೂ ನನ್ನ ಫೋನಿನ ಹಣೆಗೆ ಒಂದು ಬ್ಯಾಂಡೇಜು ಪಟ್ಟಿ ಅಂಟಿತ್ತು. ಕೈ ಕೊಯ್ದುಕೊಂಡಾಗ ಹಚ್ಚುತ್ತೇವಲ್ಲ, ಮೆಡಿಕಲ್ ಶಾಪಿನಲ್ಲಿ ಬಿಡಿಯಾಗಿ ಕೊಡುತ್ತಾರಲ್ಲ, ಅದೇ. ಅದನ್ನು ಉಗುರಿನಷ್ಟು ಕತ್ತರಿಸಿ, ಮುಖ ನೋಡುವ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಅಂಟಿಸಿದ್ದೆ. ಕಂಡವರೆಲ್ಲ ‘ಬಿತ್ತಾ? ಒಡೀತಾ?’ ಎಂದು ಕೇಳುತ್ತಿದ್ದರು. ಹೋದ ವರ್ಷ ನಾನೇ ಬಚ್ಚಲಲ್ಲಿ ಜಾರಿ ಬಿದ್ದು ಹಣೆಗೆ ಇಂಥದೇ ಪಟ್ಟಿ ಹಾಕಿಕೊಂಡು ಓಡಾಡಿದಾಗ ಇಷ್ಟು ಜನ ಕೇಳಿರಲಿಲ್ಲ.

ಬಿದ್ದಿಲ್ಲ, ಯಾರಾದರೂ ಒಳಗಿನಿಂದ ನೋಡುತ್ತಿರಬಹುದು ಎಂದು ಮುಚ್ಚಿದ್ದೇನೆ ಎಂದರೆ ನಗುತ್ತಿದ್ದರು. ಸಿದ್ದಾಪುರದಲ್ಲಿ ನಾನು ದಿನಾ ಚಹಾ ಕುಡಿಯುವ ಹೋಟೆಲಿನ ಮೊಯ್ದುಕಾಕ ಅಂತೂ ಗ್ಲಾಸು ಕೆಳಗಿಟ್ಟು ನಕ್ಕರು.

“ಅಲ್ಲ ರೈಟರೇ, ನಿಮ್ಮ ಮುಖ ನೋಡಿ ಅವರಿಗೆ ಎಂತ ಸಿಗ್ತದೆ? ಮೂವತ್ತು ವರ್ಷದಿಂದ ನಾವು ನೋಡ್ತಾ ಇದ್ದೇವೆ, ನಮಗೇ ಎಂತ ಸಿಗ್ಲಿಲ್ಲ.”

ರೈಟರ್ ಎಂದರೆ ಪುಸ್ತಕ ಬರೆಯುವವನು ಎಂದು ತಿಳಿದು ಗೌರವ ಕೊಟ್ಟುಬಿಡಬೇಡಿ. ನಮ್ಮ ಕಡೆ ಕಾಫಿ ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವನೇ ರೈಟರ್. ಮೂವತ್ತೊಂದು ವರ್ಷ ನಾನು ಆ ಕೆಲಸ ಮಾಡಿದೆ. ಚಳಿಯಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ಒಂದೊಂದೇ ಹೆಸರು ಕೂಗುತ್ತಿದ್ದೆ. ಆಳುಗಳು ಸಾಲಾಗಿ ಇರುವ ಲೈನ್ ಮನೆಗಳ ಕಡೆಯಿಂದ ತಮಿಳಿನಲ್ಲೋ ಮಲಯಾಳದಲ್ಲೋ ತುಳುವಿನಲ್ಲೋ ‘ಇದ್ದೇನೆ’ ಎನ್ನುವ ಉತ್ತರ ಬರುತ್ತಿತ್ತು. ಒಂದು ಹೆಸರಿಗೆ ಉತ್ತರ ಬರದಿದ್ದರೆ ಯಾರನ್ನಾದರೂ ಕಳಿಸಿ ನೋಡಿಸುತ್ತಿದ್ದೆ. ಜ್ವರವೋ, ಜಗಳವೋ, ಊರಿಗೆ ಹೋಗಿದ್ದಾರೋ, ಏನೋ ಒಂದು ತಿಳಿಯುತ್ತಿತ್ತು. ಈಗ ನಿವೃತ್ತಿಯಾಗಿ, ವಿರಾಜಪೇಟೆ ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಮದುವೆ ಎಂಬುದು ಈ ಸೀಸನ್ ಮುಗಿಯಲಿ, ಮುಂದಿನ ಸೀಸನ್ ಮುಗಿಯಲಿ ಎನ್ನುತ್ತ ಆಗಲೇ ಇಲ್ಲ. ನನ್ನ ಹೆಸರು ಕೂಗಿ ಹಾಜರಿ ಹಾಕುವವರು ಯಾರೂ ಇಲ್ಲ.

ಹೊತ್ತು ಹೋಗಬೇಕಲ್ಲ. ಪತ್ರಿಕೆಯಲ್ಲಿ ಬರುವ ತಂತ್ರಜ್ಞಾನದ ಸುದ್ದಿಗಳನ್ನು ಒಂದಕ್ಷರ ಬಿಡದೆ ಓದುತ್ತೇನೆ. ಯಾವ ಆ್ಯಪ್ ನಮ್ಮ ಫೋನ್ ನಂಬರುಗಳನ್ನು ಕದಿಯುತ್ತದೆ, ಯಾವ ಟಿ.ವಿ. ನಾವು ಆಡಿದ ಮಾತು ಕೇಳಿಸಿಕೊಳ್ಳುತ್ತದೆ, ಎಲ್ಲವನ್ನೂ ಕತ್ತರಿಸಿ ಹಳೆಯ ಹಾಜರಿ ಫೈಲಿನಲ್ಲಿ ಇಟ್ಟಿದ್ದೇನೆ. ಕೇಳಲಿ ಬಿಡಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಉಪದೇಶ ಮಾಡುತ್ತೇನೆ. ನನ್ನ ಪಾಸ್‌ವರ್ಡು ಎಷ್ಟು ಭದ್ರವೆಂದರೆ ಅದು ನನ್ನನ್ನೇ ಎರಡು ಸಲ ಒಳಗೆ ಬಿಟ್ಟಿಲ್ಲ.

ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಒಮ್ಮೆ ಮೆಟ್ಟಿಲು ಇಳಿಯುವಾಗ ‘ಅಯ್ಯೋ ಮಂಡಿಯೇ’ ಎಂದು ಜೋರಾಗಿ ಅಂದೆ. ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಮರುದಿನ ಫೋನಿನ ತುಂಬ ಮಂಡಿನೋವಿನ ಎಣ್ಣೆಯ ಜಾಹೀರಾತು. ಕದ್ದು ಕೇಳುತ್ತಿದೆ ಎಂದು ಮೈಯೆಲ್ಲ ಉರಿಯಿತು. ಮೊಯ್ದುಕಾಕನ ಹೋಟೆಲಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಮಾತ್ರ, ಅಂತೂ ಯಾರೋ ಒಬ್ಬರು ಕೇಳಿಸಿಕೊಂಡರಲ್ಲ ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇನ್ನೊಂದು ಸಲ ವಿರಾಜಪೇಟೆಗೆ ಹೋಗಿ ಬಂದ ಸಂಜೆ ಫೋನಿನ ನಕಾಶೆ ಕೇಳಿತು: ‘ನೀವು ಇವತ್ತು ಭೇಟಿ ಕೊಟ್ಟ ಬಸ್ ನಿಲ್ದಾಣ ಹೇಗಿತ್ತು?’ ಐದು ನಕ್ಷತ್ರ ಮುಂದಿಟ್ಟು ಕಾದು ಕೂತಿತು. ಎಲ್ಲಿಗೆ ಹೋಗಿದ್ದೆ, ಹೇಗಿತ್ತು ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ನಾಲ್ಕು ನಕ್ಷತ್ರ ಕೊಟ್ಟೆ. ಆಮೇಲೆ ನೆನಪಾಗಿ ಆ ಸೆಟ್ಟಿಂಗನ್ನೂ ಮುಚ್ಚಿದೆ.

ನಮ್ಮ ಸಿದ್ದಾಪುರದ ಕಡೆ ಎಲ್ಲರ ಫೋನಿನಲ್ಲೂ ಒಂದು ಆನೆ ಗ್ರೂಪು ಇರುತ್ತದೆ. ಇವತ್ತು ಆನೆ ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು, ಮರಿ ಜೊತೆಗಿದೆಯೋ ಇಲ್ಲವೋ, ಎಲ್ಲ ಅದರಲ್ಲಿ ಬರುತ್ತದೆ. ಒಂದು ಆನೆಗಂತೂ ಅರಣ್ಯ ಇಲಾಖೆಯವರು ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದಾರೆ. ಅದು ಹಲಸಿನ ಮರದ ಕೆಳಗೆ ಎಷ್ಟು ಹೊತ್ತು ನಿಂತಿತು ಎನ್ನುವುದು ಕೂಡ ಊರಿಗೆಲ್ಲ ಗೊತ್ತಾಗುತ್ತದೆ. ಪಾಪ, ಅದಕ್ಕೆ ಮುಚ್ಚಿಕೊಳ್ಳಲು ಸೆಟ್ಟಿಂಗೇ ಇಲ್ಲ ಎಂದು ಮೊದಲೆಲ್ಲ ಮರುಗುತ್ತಿದ್ದೆ. ಈಚೀಚೆಗೆ ಸ್ವಲ್ಪ ಹೊಟ್ಟೆಕಿಚ್ಚು. ಅದು ಎರಡು ದಿನ ಕಾಣದಿದ್ದರೆ ಹುಡುಕಲು ಜೀಪು ಹೊರಡುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ಅಕ್ಕನ ವಿಷಯ ಹೇಳಬೇಕು, ಹೇಳಲು ನಾಚಿಕೆ.

ನನಗಿರುವುದು ಒಬ್ಬಳೇ ಅಕ್ಕ. ನಮ್ಮ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಆಚೆ ಬೇಸಾಯಕ್ಕೆ ನಿಂತವರು. ಅಕ್ಕನನ್ನು ಕೊಟ್ಟಿದ್ದೂ ಅಲ್ಲೇ, ಹಾರಂಗಿ ನಾಲೆಯ ಪಕ್ಕದ ಊರಿಗೆ. ಭಾವ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಅವಳೂ ಒಬ್ಬಳೇ ಇದ್ದಾಳೆ. ಸಿದ್ದಾಪುರದಿಂದ ಅಲ್ಲಿಗೆ ಎರಡು ಬಸ್ಸು, ಅಷ್ಟೇ. ಆದರೆ ಆರು ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

ತಪ್ಪು ನನ್ನದು. ಅವ್ವ ಕೊನೆಗಾಲದಲ್ಲಿ ನನ್ನ ಜೊತೆ ಎಸ್ಟೇಟ್ ಕ್ವಾರ್ಟರ್ಸಿನಲ್ಲಿದ್ದಳು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋಗಿ ನೋಡಿದರೆ ಹೋಗಿಬಿಟ್ಟಿದ್ದಳು. ನೆಂಟರಲ್ಲಿ ಎಷ್ಟು ಜನಕ್ಕೆ ತಿಳಿಸಬೇಕು! ಒಬ್ಬೊಬ್ಬರಿಗೂ ಫೋನ್ ಮಾಡಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ಶಕ್ತಿ ನನಗಿರಲಿಲ್ಲ. ನಾನೋ ಮನೆತನಕ್ಕೆಲ್ಲ ತಂತ್ರಜ್ಞಾನ ಕಲಿಸಿದ ಗುರು. ಕುಟುಂಬದ ಗ್ರೂಪು ಮಾಡಿದವನೂ ನಾನೇ. ಒಂದು ಸಲ ಬರೆದರೆ ಎಲ್ಲರಿಗೂ ಮುಟ್ಟುತ್ತದಲ್ಲ ಎಂದು ‘ಅವ್ವ ಹೋದಳು’ ಎಂದು ಎರಡು ಮಾತು ಬರೆದು ಗ್ರೂಪಿಗೆ ಹಾಕಿದೆ. ಎಲ್ಲರಿಗೂ ಮುಟ್ಟಿತು. ಅಕ್ಕ ಹಾಲು ಕರೆಯುತ್ತಿದ್ದಳು. ಕೈ ಒರೆಸಿಕೊಂಡು ಫೋನ್ ತೆರೆದಾಗ ಗ್ರೂಪಿನ ತುಂಬ ಕೈ ಮುಗಿದ ಚಿತ್ರಗಳು.

ಆಮೇಲೆ ಅವ್ವನ ಕಾಲ ಬಳಿ ಕೂತು ಅವಳೇ ಹೇಳಿದಳು: “ಯಾಕ್ ಎಲ್ಲಾರೂ ಕೈ ಮುಗ್ದವ್ರೆ ಅಂತ ಒಂದೊಂದೇ ನೋಡ್ಕಂಡ್ ಮೇಲಕ್ಕೆ ಹೋದೆ ಕಣೋ. ಎಲ್ಲಾದಕ್ಕಿಂತ ಮೇಲೆ ಅವ್ವ ಇದ್ಲು.”

ತಿಥಿ ಮುಗಿಸಿ ಹೊರಟವಳು ಗ್ರೂಪಿನಿಂದ ಹೊರಗೆ ಹೋದಳು. ನನ್ನ ಜೊತೆ ಮಾತು ಬಿಟ್ಟಳು. ನಾನೂ ಒಂದೆರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನನಗೂ ಬಿಗುಮಾನ ಬಂತು. ವರ್ಷಗಳು ಹೋದವು.

ಉಳಿದದ್ದು ಒಂದೇ ಒಂದು ಕಿಂಡಿ. ಸಂದೇಶ ಕಳಿಸುವ ಆ ಹಸಿರು ಆ್ಯಪಿನಲ್ಲಿ ಒಬ್ಬರ ಹೆಸರು ಒತ್ತಿದರೆ, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅವರು ಕೊನೆಯ ಸಲ ಯಾವಾಗ ಅದನ್ನು ತೆರೆದರು ಎಂದು ತೋರಿಸುತ್ತದೆ. ಲಾಸ್ಟ್ ಸೀನ್ ಅನ್ನುತ್ತಾರೆ. ನಾನು ಬೆಳಿಗ್ಗೆ ಆರಕ್ಕೆ ಎದ್ದು, ಮುಖ ತೊಳೆಯುವ ಮೊದಲು, ಅಕ್ಕನ ಹೆಸರು ಒತ್ತುತ್ತಿದ್ದೆ. ‘ಇವತ್ತು ಬೆಳಿಗ್ಗೆ 5:40’ ಎಂದು ಇರುತ್ತಿತ್ತು. ಒಂದೆರಡು ನಿಮಿಷ ಆಚೀಚೆ. ಹಾಲು ಕರೆಯುವ ಮೊದಲು ನೋಡುತ್ತಾಳೆ ಎಂದುಕೊಳ್ಳುತ್ತಿದ್ದೆ. ಎದ್ದಿದ್ದಾಳೆ, ಗಟ್ಟಿಯಾಗಿದ್ದಾಳೆ, ಸರಿ. ಆಮೇಲೆ ಕಾಫಿಗೆ ನೀರಿಡುತ್ತಿದ್ದೆ. ಮೂವತ್ತೊಂದು ವರ್ಷ ನೂರಾರು ಹೆಸರು ಕೂಗಿದವನ ಹಾಜರಿ ಪುಸ್ತಕದಲ್ಲಿ ಆ ಒಂದು ಹೆಸರು ಮಾತ್ರ ಉಳಿದಿತ್ತು.

ಆ ಪುಟದಲ್ಲಿ ನೋಡಲು ಇನ್ನೊಂದು ವಸ್ತುವೂ ಇತ್ತು. ನೋಡಬಾರದೆಂದರೂ ಕಣ್ಣು ಹೋಗುತ್ತಿತ್ತು. ನಮ್ಮಿಬ್ಬರ ನಡುವಿನ ಕೊನೆಯ ಸಂದೇಶ, ಅವ್ವ ಹೋಗುವ ಹಿಂದಿನ ಸಂಜೆ ಅಕ್ಕ ಕಳಿಸಿದ್ದು: ‘ಅವ್ವ ಊಟ ಮಾಡಿದ್ಲಾ?’ ಅದರ ಕೆಳಗೆ ನಾನು ಏನೂ ಬರೆದಿಲ್ಲ. ಅವತ್ತು ಓದಿದ್ದೆ. ಕೈಯಲ್ಲಿ ಅವ್ವನ ತಟ್ಟೆ ಇತ್ತು, ಆಮೇಲೆ ಬರೆದರಾಯಿತು ಎಂದುಕೊಂಡಿದ್ದೆ.

ಹೀಗೆ ದೂರದಿಂದಲೇ ನೋಡಿ ಸಮಾಧಾನ ಮಾಡಿಕೊಳ್ಳುವ ಚಾಳಿ ನನಗೆ ಅವ್ವನಿಂದ ಬಂದದ್ದು. ನಾವು ಚಿಕ್ಕವರಿದ್ದಾಗ ನಮ್ಮ ಮನೆಯ ಮುಂದೆ ಗದ್ದೆ, ಗದ್ದೆಯಾಚೆ ದಿಣ್ಣೆಯ ಮೇಲೆ ಬೋಜವ್ವನ ಮನೆ. ಬೋಜವ್ವ ಕೊಡವರ ಹೆಂಗಸು, ಗಂಡ ತೀರಿಹೋಗಿ ಒಂದು ನಾಯಿಯ ಜೊತೆ ಇದ್ದವಳು. ಅವಳ ಕೋಳಿಗಳು ನಮ್ಮ ಭತ್ತದ ಸಸಿಮಡಿ ಕೆದಕಿದವೆಂದು ಅವ್ವನಿಗೂ ಅವಳಿಗೂ ಮಾತಿಲ್ಲ. ಆದರೆ ಅವ್ವ ಬೆಳಿಗ್ಗೆ ಅಂಗಳ ಗುಡಿಸಲು ಬಂದವಳು ಮೊದಲು ದಿಣ್ಣೆಯ ಕಡೆ ನೋಡುತ್ತಿದ್ದಳು. ಹೆಂಚಿನ ಸಂದಿಯಿಂದ ಒಲೆಯ ಹೊಗೆ ಎದ್ದಿದ್ದರೆ ಬೋಜವ್ವ ಎದ್ದಿದ್ದಾಳೆ ಎಂದು ಅರ್ಥ. ಆಮೇಲೆ ಬಗ್ಗಿ ಕಸ ಗುಡಿಸುತ್ತಿದ್ದಳು. ಬೋಜವ್ವನನ್ನು ಬೈಯುವುದಿದ್ದರೂ ಹೊಗೆ ಕಂಡ ಮೇಲೆಯೇ.

ಒಂದು ದಿನ ಹೊಗೆ ಏಳಲಿಲ್ಲ. ಅವ್ವ ಅರ್ಧ ಅಂಗಳ ಗುಡಿಸಿ ನೋಡಿದಳು, ಪೂರ್ತಿ ಗುಡಿಸಿ ನೋಡಿದಳು.

“ಬೋಜವ್ವನ ಮನೇಲಿ ಹೊಗೆ ಎದ್ದಿಲ್ಲ ಕಣ್ರೋ!” ಎಂದು ಕೂಗಿದವಳು ಪೊರಕೆ ಹಿಡಿದುಕೊಂಡೇ ಗದ್ದೆಯ ಬದುವಿನ ಮೇಲೆ ಓಡಿದಳು. ಹಿಂದೆ ಅಕ್ಕ, ಅವಳ ಹಿಂದೆ ನಾನು. ನಮ್ಮ ಓಟ ಕಂಡು ಪಕ್ಕದ ಮನೆಯ ಬೆಳ್ಯಪ್ಪಣ್ಣ ಕೋವಿ ತೆಗೆದುಕೊಂಡೇ ಬಂದರು. ಸಾವಾದರೆ ಗಾಳಿಗೆ ಎರಡು ಗುಂಡು ಹೊಡೆದು ಊರಿಗೆ ತಿಳಿಸುವುದು ಕೊಡವರ ಪದ್ಧತಿ. ಮನುಷ್ಯ ಬಹಳ ಮುಂದಾಲೋಚನೆಯವರು.

ಬಾಗಿಲು ತೆರೆದೇ ಇತ್ತು. ಒಳಗೆ ಬೋಜವ್ವ ಮಣೆಯ ಮೇಲೆ ಕೂತು, ನೆರಿಗೆ ಸರಿಮಾಡಿಕೊಂಡು, ಹೊಸ ಗ್ಯಾಸ್ ಒಲೆಯ ನೀಲಿ ಉರಿಯನ್ನು ನೋಡುತ್ತಿದ್ದಳು. ಹಿಂದಿನ ದಿನ ಅವಳ ತಮ್ಮ ತಂದುಕೊಟ್ಟು ಹೋಗಿದ್ದನಂತೆ. ನಮ್ಮ ಸುತ್ತಿನಲ್ಲೇ ಅದು ಮೊದಲನೆಯದು. ಅವ್ವನಿಗೆ ಉಸಿರು ಹತ್ತಿ ಮಾತು ಹೊರಡಲಿಲ್ಲ. ಹೊರಟಾಗ ಬೈಗುಳವೇ ಹೊರಟಿತು.

“ಬದುಕಿದ್ರೆ ಒಂಚೂರು ಹೊಗೆ ಕಾಣಿಸೋಕೆ ಏನಾಗಿತ್ತು ನಿಂಗೆ?”

ಬೋಜವ್ವ ಅವ್ವನ ಕೈಯ ಪೊರಕೆ ನೋಡಿದಳು, ಬೆಳ್ಯಪ್ಪಣ್ಣನ ಕೋವಿ ನೋಡಿದಳು. “ನನ್ನ ಎರಡು ಗುಂಡು ಜೋಪಾನ ಇಡು ಬೆಳ್ಯಪ್ಪ, ಇನ್ನೂ ಸ್ವಲ್ಪ ಸಮಯ ಉಂಟು” ಎಂದು ನಕ್ಕು, ಎಲ್ಲರಿಗೂ ಆ ಒಲೆಯಲ್ಲೇ ಚಹಾ ಮಾಡಿದಳು. ಮಾರನೆಯ ದಿನ ಬೆಳಿಗ್ಗೆ ದಿಣ್ಣೆಯ ಮೇಲೆ ಹೊಗೆ ಎದ್ದಿತು. ಒಳಗಿನಿಂದಲ್ಲ, ಅಂಗಳದಿಂದ. ಅಡುಗೆ ಗ್ಯಾಸಿನಲ್ಲಿ ಆದರೂ ಬೋಜವ್ವ ದಿನಾ ಬೆಳಿಗ್ಗೆ ಒಂದು ಹಿಡಿ ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚುತ್ತಿದ್ದಳು. ಸುಡಬೇಕಾದ್ದೇನೂ ಇರಲಿಲ್ಲ, ನಮ್ಮ ಅವ್ವ ನೋಡಲಿ ಎಂದು. ಇಷ್ಟಾದರೂ ಕೋಳಿ ವಿಷಯದಲ್ಲಿ ಇಬ್ಬರೂ ರಾಜಿಯಾಗಲಿಲ್ಲ.

ಇರಲಿ, ನನ್ನ ಬುದ್ಧಿವಂತಿಕೆಗೆ ಬರೋಣ. ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಲಾಸ್ಟ್ ಸೀನ್ ನೋಡಿ ಅಪರಿಚಿತರು ನೀವು ಯಾವಾಗ ಮಲಗುತ್ತೀರಿ, ಯಾವಾಗ ಏಳುತ್ತೀರಿ ಎಂಬುದನ್ನೆಲ್ಲ ತಿಳಿದುಕೊಳ್ಳಬಹುದು, ಕೂಡಲೇ ಮುಚ್ಚಿ ಎಂದು. ಓದಿ ಎದೆ ಝಲ್ಲೆಂದಿತು. ನಾನು ಯಾವಾಗ ಮಲಗುತ್ತೇನೆ ಎಂದು ತಿಳಿದುಕೊಂಡು ಯಾರು ಏನು ಮಾಡಿಯಾರು ಎಂದು ಯೋಚಿಸುವ ವ್ಯವಧಾನ ನನಗೆಲ್ಲಿ? ಅಲ್ಲೇ ಕೂತು ‘ಯಾರಿಗೂ ಕಾಣಬಾರದು’ ಎನ್ನುವುದನ್ನು ಒತ್ತಿದೆ. ಕತ್ತರಿಸಿದ ಲೇಖನವನ್ನು ಫೈಲಿಗೆ ಸೇರಿಸಿ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮಲಗಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕನ ಹೆಸರು ಒತ್ತಿದರೆ ಅದರ ಕೆಳಗೆ ಏನೂ ಇಲ್ಲ. ಬರೀ ಹೆಸರು. ನೆಟ್‌ವರ್ಕ್ ಇಲ್ಲವೇನೋ ಎಂದು ಅಂಗಳಕ್ಕೆ ಬಂದು ಕೈ ಎತ್ತಿ ಹಿಡಿದೆ. ಇಲ್ಲ. ಮೂರನೆಯ ದಿನವೂ ಇಲ್ಲ. ಆಗ ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ನಾನು ತಿಳಿದೆ: ಅಕ್ಕ ನನಗೆ ಕಾಣದ ಹಾಗೆ ಮುಚ್ಚಿಕೊಂಡಿದ್ದಾಳೆ. ಆರು ವರ್ಷದಿಂದ ನಾನು ಕದ್ದು ನೋಡುವುದು ಯಾರಿಂದಲೋ ಅವಳಿಗೆ ಗೊತ್ತಾಗಿದೆ. ಇದ್ದ ಒಂದು ಕಿಂಡಿಯನ್ನೂ ಮುಚ್ಚಿದ್ದಾಳೆ. ಇಷ್ಟು ಹಟವೇ ಇವಳಿಗೆ? ನಾನೇನು ಕೇಳಿದೆ, ಮಾತಾಡು ಅಂದೆನೇ, ಬಾ ಅಂದೆನೇ? ಇದ್ದೀಯಾ ಇಲ್ಲವಾ ಎಂದು ನೋಡುತ್ತಿದ್ದೆ, ಅಷ್ಟೇ ತಾನೇ? ಹತ್ತು ದಿನ ಹೀಗೆ ಗೋಡೆಯ ಜೊತೆ ಜಗಳವಾಡಿದೆ. ಕಾಫಿ ಮಾಡಿ ಕುಡಿಯಲು ಮರೆತೆ. ಮೊಯ್ದುಕಾಕನ ಹೋಟೆಲಿಗೂ ಹೋಗಲಿಲ್ಲ. ಯಾರೂ ಬಂದು ಕೇಳಲಿಲ್ಲ. ಒಂಟಿತನ ಎನ್ನುವುದು ನನಗೆ ಹೊಸದಲ್ಲ, ಆದರೆ ಆ ಹತ್ತು ದಿನ ಅದು ನನ್ನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿತ್ತು.

ಹನ್ನೊಂದನೆಯ ದಿನ ಚಾರ್ಜರಿನ ವೈರು ಹಾಳಾಯಿತೆಂದು ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಶಬಾನಾ ಎರಡು ಮಕ್ಕಳ ತಾಯಿ, ಊರಿನ ಫೋನುಗಳಿಗೆಲ್ಲ ಡಾಕ್ಟರು. ಮಾತಿಗೆ ಮಾತು ಬಂದು, ನನ್ನ ಸ್ನೇಹಿತನೊಬ್ಬನ ಕಥೆ ಎಂಬಂತೆ ಕೇಳಿದೆ: ಒಬ್ಬರು ಲಾಸ್ಟ್ ಸೀನ್ ಮುಚ್ಚಿಕೊಂಡರೆ ಅದನ್ನು ತೆರೆಯಿಸಿ ನೋಡಲು ದಾರಿ ಉಂಟಾ?

“ಅವರು ಮುಚ್ಚಿದ್ದಾ, ನಿಮ್ಮ ಫ್ರೆಂಡ್ ಮುಚ್ಚಿದ್ದಾ ಸಾರೇ?”

“ಫ್ರೆಂಡೂ ಮುಚ್ಚಿದ್ದಾನೆ, ಅದು ಬೇರೆ ವಿಷಯ.”

ಶಬಾನಾ ನಕ್ಕಳು. “ಬೇರೆ ವಿಷಯ ಅಲ್ಲ ಸಾರೇ, ಅದೇ ವಿಷಯ. ನಮ್ಮದು ನಾವು ಮುಚ್ಚಿದ್ರೆ ಬೇರೆಯವರದ್ದೂ ನಮಗೆ ಕಾಣೂದಿಲ್ಲ. ತೋರಿಸಿದ್ರೆ ಮಾತ್ರ ನೋಡ್ಲಿಕ್ಕೆ ಆಗ್ತದೆ. ಫೋನ್ ಕೊಡಿ ಇಲ್ಲಿ.”

ಎರಡು ಸಲ ಬೆರಳು ಆಡಿಸಿ ವಾಪಸು ಕೊಟ್ಟಳು. ನನ್ನ ಫೈಲಿನಲ್ಲಿ ಅಷ್ಟು ಕತ್ತರಿಸಿದ ಕಾಗದಗಳಿವೆ, ಈ ಒಂದು ಮಾತು ಯಾವುದರಲ್ಲೂ ಇರಲಿಲ್ಲವೋ, ಇದ್ದು ನಾನು ಓದಲಿಲ್ಲವೋ. ಅಂಗಡಿಯ ಮೆಟ್ಟಿಲ ಮೇಲೇ ನಿಂತು ಅಕ್ಕನ ಹೆಸರು ಒತ್ತಿದೆ. ಹೆಸರಿನ ಕೆಳಗೆ ಸಣ್ಣ ಅಕ್ಷರ ಮೂಡಿತು. ಆದರೆ ಇವತ್ತು ಬೆಳಿಗ್ಗೆ ಎಂದಿರಲಿಲ್ಲ. ನಿನ್ನೆ ಎಂದೂ ಇರಲಿಲ್ಲ. ನಾಲ್ಕು ದಿನ ಹಿಂದಿನ ತಾರೀಕು ಇತ್ತು. ಸಮಯ ಅದೇ, ಐದು ನಲವತ್ತು.

ಆರು ವರ್ಷದಲ್ಲಿ ಒಂದು ದಿನ ತಪ್ಪಿಸದವಳು ನಾಲ್ಕು ದಿನದಿಂದ ಇಲ್ಲ. ಬಿಗುಮಾನ ಎಲ್ಲಿ ಹೋಯಿತೋ, ಅಲ್ಲೇ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿದೆ ಎಂದಿತು. ಮನೆಗೆ ಬಂದು ಮತ್ತೆ ಮಾಡಿದೆ, ಅದೇ ಉತ್ತರ. ಚಿಕ್ಕಪ್ಪನ ಮಗ ಸೋಮಣ್ಣ ಕುಶಾಲನಗರದಲ್ಲಿದ್ದಾನೆ, ಅವನಿಗೆ ಹೋಗಿ ನೋಡು ಅನ್ನಬಹುದಿತ್ತು. ಅಂದರೆ ಅವನು ‘ಅಕ್ಕ ನಾಲ್ಕು ದಿನದಿಂದ ಫೋನ್ ನೋಡಿಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತು?’ ಎಂದು ಕೇಳುತ್ತಾನೆ. ಯಾರೋ ನಮ್ಮನ್ನು ಕದ್ದು ನೋಡುತ್ತಾರೆ ಎಂದು ಊರಿಗೆಲ್ಲ ಎಚ್ಚರಿಕೆ ಕೊಡುವವನು ಏನೆಂದು ಉತ್ತರ ಕೊಡಲಿ? ಇನ್ನೊಂದು ಯೋಚನೆಯೂ ಬಂತು. ಸೋಮಣ್ಣ ಹೋಗಿ ನೋಡಿದರೆ ಸುದ್ದಿಯನ್ನು ಗ್ರೂಪಿಗೆ ಹಾಕುತ್ತಾನೆ. ಕೈ ಮುಗಿದ ಚಿತ್ರಗಳನ್ನು ದಾಟಿ ದಾಟಿ ಮೇಲಕ್ಕೆ ಹೋಗುವ ಸರದಿ ನನ್ನದಾಗುತ್ತದೆ. ಅದನ್ನು ನೆನೆದು ನನಗೆ ಅಳು ಬಂತು. ಅಕ್ಕ ಅವತ್ತು ಹೇಳಿದ್ದು ನನಗೆ ಅರ್ಥವಾದದ್ದು ಆಗಲೇ, ಆರು ವರ್ಷ ತಡವಾಗಿ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಕುಶಾಲನಗರದಲ್ಲಿ ಇಳಿದು ಹಾರಂಗಿ ಬಸ್ಸಿಗಾಗಿ ಬಹಳ ಹೊತ್ತು ಕಾದೆ. ಅದು ಸಿಕ್ಕಿ, ನಾಲೆಯ ಸೇತುವೆಯ ಬಳಿ ಇಳಿದು ಏರಿಯ ಮೇಲೆ ನಡೆದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಒಂದು ಕಡೆ ಶುಂಠಿ ಹೊಲ, ಇನ್ನೊಂದು ಕಡೆ ಗದ್ದೆ. ತಿರುವು ದಾಟಿದರೆ ಗದ್ದೆಯಾಚೆ ಅಕ್ಕನ ಮನೆ ಕಾಣುತ್ತದೆ. ತಲೆ ಎತ್ತಲು ಧೈರ್ಯ ಸಾಲದೆ ಕಾಲು ನೋಡಿಕೊಂಡೇ ತಿರುವು ದಾಟಿ, ಆಮೇಲೆ ನೋಡಿದೆ.

ಕೊಟ್ಟಿಗೆಯ ಪಕ್ಕದಿಂದ ಹೊಗೆ ಏಳುತ್ತಿತ್ತು. ಹಸುಗಳಿಗೆ ಹುರುಳಿ ಬೇಯಿಸುವ ಒಲೆ. ಹೊಗೆಯ ಹಿಂದೆ ಒಂದು ನೀಲಿ ಸೀರೆ ಅತ್ತಿತ್ತ ಓಡಾಡುತ್ತಿತ್ತು.

ಇದ್ದಾಳೆ. ಏರಿಯ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮಂಡಿ ನೋವು ನೆನಪಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಹಳೆಯ ಬುದ್ಧಿ ಎದ್ದು ಕೂತಿತು. ಹೊಗೆ ಕಂಡಿತಲ್ಲ, ಇನ್ನೇನು? ಅವ್ವನೂ ಹೊಗೆ ಕಂಡ ದಿನ ದಿಣ್ಣೆ ಹತ್ತಿದವಳಲ್ಲ. ಬಂದ ಬಸ್ಸು ಡ್ಯಾಮಿನ ಬಳಿ ತಿರುಗಿ ಇನ್ನೇನು ಬರುತ್ತದೆ. ಹತ್ತಿಕೊಂಡರೆ ಮಧ್ಯಾಹ್ನದೊಳಗೆ ಸಿದ್ದಾಪುರ. ನಾನು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಗುಟ್ಟು ಕಾಪಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಎದ್ದು ಬಸ್ಸಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟೆ ಕೂಡ.

ಆದರೆ ಈ ಹೊಗೆ ಹಸುಗಳಿಗಾಗಿ ಎದ್ದದ್ದು, ನನಗಾಗಿ ಅಲ್ಲ. ಯಾಕೋ ಅದನ್ನು ಸಹಿಸಲಾಗಲಿಲ್ಲ. ತಿರುಗಿ ಗದ್ದೆಗೆ ಇಳಿದೆ.

ಅಕ್ಕ ನನ್ನನ್ನು ಕಂಡಾಗ ಕೈಯಲ್ಲಿ ಸೌದೆ ಹಿಡಿದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಲಾಸ್ಟ್ ಸೀನ್ ಇದನ್ನೆಲ್ಲ ತೋರಿಸುವುದಿಲ್ಲ. ಬಾ ಅನ್ನಲಿಲ್ಲ, ಯಾಕೆ ಬಂದೆ ಅನ್ನಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬದುಕಿದ್ದೀಯಾ?” ಎಂದಳು.

“ನಾಲ್ಕು ದಿನದಿಂದ ನೀನು ಕಾಣ್ಲಿಲ್ಲ” ಎಂದೆ. ಎಲ್ಲಿ ಎಂದು ನಾನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

“ಚಾರ್ಜು ಮುಗೀತು. ಮತ್ತೆ ಹಾಕ್ಲಿಲ್ಲ.”

“ಯಾಕೆ?”

ಅಕ್ಕ ಸೌದೆಯನ್ನು ಒಲೆಗೆ ತಳ್ಳಿದಳು. “ಯಾಕೆ ಅಂದ್ರೆ? ನಂಗೆ ಯಾರು ಮೆಸೇಜ್ ಮಾಡ್ತಾರೆ? ದಿನಾ ಎದ್ದು ಅದನ್ನ ತೆಗೀತಿದ್ದಿದ್ದೇ ನೀನಿದ್ದೀಯಾ ಅಂತ ನೋಡೋಕೆ. ಒಂದಿನ ನೋಡಿದ್ರೆ ಏನೂ ಇಲ್ಲ. ಸತ್ತಿದ್ರೆ ಸೋಮಣ್ಣ ಆದ್ರೂ ಬಂದು ಹೇಳಿರೋನು. ಹಂಗಾರೆ ಇವ್ನು ಬೇಕಂತ್ಲೇ ಮುಚ್ಕಂಡವ್ನೆ ಅಂದ್ಕಂಡೆ. ಆರೇಳು ದಿನ ನೋಡ್ದೆ. ಆಮೇಲೆ ಅದನ್ನ ಅಕ್ಕಿ ಡಬ್ಬದ ಹಿಂದೆ ಇಟ್ಟೆ.”

ಜಗಲಿಯ ಅಂಚಿನಲ್ಲಿ ಕೂತೆ. ಐದು ನಲವತ್ತು. ಅವಳು ಹಾಲು ಕರೆಯುವ ಮೊದಲು ಯಾರ ಯಾರ ಸಂದೇಶವನ್ನೋ ಓದುತ್ತಾಳೆ ಎಂದು ತಿಳಿದಿದ್ದೆನಲ್ಲ! ಅವಳು ತೆರೆಯುತ್ತಿದ್ದದ್ದು ನನ್ನನ್ನು ನೋಡಲು. ಆರು ಗಂಟೆಗೆ ನಾನು ತೆರೆಯುತ್ತಿದ್ದದ್ದು ಅವಳನ್ನು ನೋಡಲು. ಇಬ್ಬರೂ ಸುಡಲು ಬೇರೇನೂ ಇಲ್ಲದೆ ಒಂದೊಂದು ಹಿಡಿ ತೆಂಗಿನ ಸಿಪ್ಪೆ ಸುಟ್ಟುಕೊಂಡು ಕೂತಿದ್ದೆವು, ಆರು ವರ್ಷ.

“ಬೇಕಂತ ಅಲ್ಲ ಅಕ್ಕ. ಪೇಪರಲ್ಲಿ ಬಂದಿತ್ತು” ಎಂದೆ. ಎಂಥ ಉತ್ತರ!

ಅವಳು ಕೈ ಚಾಚಿದಳು, ಫೋನ್ ಕೊಟ್ಟೆ. ಹಣೆಯ ಮೇಲಿನ ಬ್ಯಾಂಡೇಜು ಪಟ್ಟಿ ನೋಡಿ, “ಇದಕ್ಕೇನ್ ಬಂತು?” ಎಂದು ಉಗುರಿನಿಂದ ಕಿತ್ತು ಒಲೆಗೆ ಹಾಕಿದಳು. ಆಮೇಲೆ ತನ್ನದೇ ಹೆಸರು ಒತ್ತಿ, ನನ್ನ ಕಡೆಯಿಂದ ಆ ಪುಟ ಹೇಗೆ ಕಾಣುತ್ತದೆ ಎಂದು ನೋಡಿದಳು. ಕೆಳಗೆ ಅವಳ ಆ ಕೊನೆಯ ಸಂದೇಶ ಇತ್ತು. ಅದನ್ನು ಓದಿ ಫೋನನ್ನು ನನ್ನ ಪಕ್ಕ ಜಗಲಿಯ ಮೇಲಿಟ್ಟು ಒಲೆಯ ಕಡೆ ತಿರುಗಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು, ಆದರೂ ಊದಿದಳು.

ಅವಳ ಬೆನ್ನು ನೋಡಿಕೊಂಡೇ ಹೇಳಿದೆ.

“ಮಾಡಿದ್ಲು ಅಕ್ಕ.”

“ಏನು?”

“ಅವತ್ತು ರಾತ್ರಿ. ಅವ್ವ ಊಟ ಮಾಡಿದ್ಲು.”

ಊದುವುದು ನಿಂತಿತು.

“ಏನ್ ಊಟ?”

“ಗಂಜಿ. ಅರ್ಧ ಬಟ್ಟಲು ಕುಡಿದ್ಲು. ಉಪ್ಪಿನಕಾಯಿ ಕೇಳಿದ್ಲು. ಡಾಕ್ಟರು ಬೇಡ ಅಂದವ್ರೆ ಅಂದೆ. ಅಕ್ಕ ಕಳಿಸಿರೋ ಹೇರಳೆಕಾಯಿದು ಒಂದು ಚೂರು ನಾಲಗೆಗೆ ಮುಟ್ಟಿಸು ಸಾಕು ಅಂದ್ಲು. ಮುಟ್ಟಿಸಿದೆ.”

“ನಾನ್ ಕಳ್ಸಿದ್ದೇ ಕೇಳಿದ್ಲಾ?”

“ಅದನ್ನೇ ಕೇಳಿದ್ಲು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಗೋ ಏನೋ. “ಇಷ್ಟು ಬರೆಯೋಕೆ ಆರು ವರ್ಷ ಬೇಕಾಯ್ತೇನೋ ನಿಂಗೆ? ದೊಡ್ಡ ರೈಟರ್” ಎಂದಳು. ಆಮೇಲೆ ಒಳಗೆ ಹೋಗುತ್ತ, ಹೊಸ್ತಿಲ ಮೇಲೆ ನಿಂತು, ತಿರುಗಿ ನೋಡದೆಯೇ ಕೇಳಿದಳು.

“ನೀನು ಊಟ ಮಾಡಿದ್ಯಾ?”

“ಇಲ್ಲ” ಎಂದೆ. ಈ ಸಲ ತಡ ಮಾಡಲಿಲ್ಲ.